ಮಡಚುವ ಚಾಕುವಿನ ಕೋಟಿಂಗ್ ಹೋಯ್ತಾ? ಎಲ್ಲಿ ಹೋಗಿದೆ ಅಂತ ಮೊದಲು ನೋಡಿ

ಕಪ್ಪು ಬ್ಲೇಡಿನ ಮಡಚುವ ಚಾಕು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತು: "ಕೋಟಿಂಗ್ ಹೋಯ್ತು." ಈ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ತೊಂದರೆಗಳಿರುತ್ತವೆ, ಅದರಲ್ಲಿ ಒಂದೆರಡಂತೂ ತೊಂದರೆಯೇ ಅಲ್ಲ. ನಾನು ಪುಣೆಯ ಭೋಸರಿಯಲ್ಲಿ ಟೂಲ್ ರೂಮ್ ಕೆಲಸದವನು. ಹಾಗಾಗಿ ಪಿಂಪ್ರಿಯ ಕನ್ನಡದ ಗೆಳೆಯರು ಟ್ರೆಕ್ಕಿಗೆ ಒಯ್ಯುವ ಚಾಕು, ಗೋವಾದ ವಾಸ್ಕೋದಲ್ಲಿರುವ ನಮ್ಮ ಭಾವ ಮೀನು ಹಸನು ಮಾಡುವ ಚಾಕು, ಡೊಂಬಿವಲಿಯ ಚಿಕ್ಕಪ್ಪ ಪಾರ್ಸೆಲ್ ಬಿಚ್ಚುವ ಚಾಕು, ಎಲ್ಲವೂ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ. ಇಷ್ಟನ್ನು ನೋಡಿದ ಮೇಲೆ ನನಗೆ ಒಂದು ಮಾತು ಖಾತ್ರಿ. ಬ್ಲೇಡಿನ ಯಾವ ಜಾಗದಲ್ಲಿ ಕೋಟಿಂಗ್ ಹೋಗಿದೆ ಅಂತ ಗೊತ್ತಾದರೆ, ಯಾಕೆ ಹೋಗಿದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಅದಕ್ಕೇ ಮೊದಲ ಕೆಲಸ ಎಣ್ಣೆ ಹಚ್ಚುವುದೂ ಅಲ್ಲ, ತಿಕ್ಕುವುದೂ ಅಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್ ಬ್ರಷ್ ತೆಗೆದುಕೊಂಡು ಬ್ಲೇಡನ್ನು ಮೆತ್ತಗೆ ತೊಳೆಯಿರಿ. ಒರೆಸಿ, ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಇನ್ನೊಮ್ಮೆ ಒರೆಸಿ, ಕಿಟಕಿಯ ಹತ್ತಿರ ಹಿಡಿದು ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ. ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಇನ್ನೂ ಒಳ್ಳೆಯದು.

ನಿಮ್ಮ ಬ್ಲೇಡಿನ ಮೇಲಿರುವುದು ಯಾವ ಕೋಟಿಂಗ್?

ಇದು ಗೊತ್ತಿಲ್ಲದೆ ಮುಂದಿನ ಯಾವುದೂ ಸರಿಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ "ಬ್ಲ್ಯಾಕ್ ಕೋಟೆಡ್" ಅಂತಷ್ಟೇ ಬರೆದಿರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಕೈಗೆ ಬರುವ ಚಾಕುಗಳಲ್ಲಿ ಮೂರು ಜಾತಿ ಜಾಸ್ತಿ.

ಒಂದು, ಬಣ್ಣದ ಜಾತಿ. ಎಪಾಕ್ಸಿ, ಪೌಡರ್ ಕೋಟಿಂಗ್, ಸೆರಾಕೋಟ್ (ಸೆರಾಮಿಕ್ ಬೆರೆಸಿದ ಸ್ಪ್ರೇ ಬಣ್ಣ) ಎಲ್ಲ ಇದರಲ್ಲೇ ಬಂತು. ಇವು ದಪ್ಪ. ಸೆರಾಕೋಟ್ ಸುಮಾರು 25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಪೌಡರ್ ಕೋಟಿಂಗ್ ಅದರ ಎರಡು-ಮೂರು ಪಟ್ಟು. ನೀರನ್ನು ಚೆನ್ನಾಗಿ ತಡೆಯುತ್ತವೆ, ಗೀರನ್ನು ತಡೆಯುವುದಿಲ್ಲ.

ಎರಡು, ಪಿವಿಡಿ ಜಾತಿ, ಅಂದರೆ ಆವಿಯ ರೂಪದಲ್ಲಿ ತಂದು ಕೂರಿಸುವ ತೆಳು ಪದರ. ಬಂಗಾರದ ಬಣ್ಣದ ಟೈಟೇನಿಯಂ ನೈಟ್ರೈಡ್, ಬೂದುಗಪ್ಪಿನ ಟೈಟೇನಿಯಂ ಕಾರ್ಬೋನೈಟ್ರೈಡ್, ಕಪ್ಪು ಡಿಎಲ್‌ಸಿ (ವಜ್ರದಂಥ ಗಟ್ಟಿ ಕಾರ್ಬನ್). ನಿರ್ವಾತ ಚೇಂಬರಿನಲ್ಲಿ ಕೂರಿಸುವ ಇವು ಒಂದರಿಂದ ನಾಲ್ಕೈದು ಮೈಕ್ರಾನ್ ಅಷ್ಟೇ, ಆದರೆ ಸ್ಟೀಲಿಗಿಂತ ಎಷ್ಟೋ ಪಟ್ಟು ಗಟ್ಟಿ. ಚಾಕುವಿನ ಸ್ಟೀಲು ಗಡಸುತನದ ವಿಕರ್ಸ್ ಅಳತೆಯಲ್ಲಿ 700ರ ಆಸುಪಾಸು ಇದ್ದರೆ ಟೈಟೇನಿಯಂ ನೈಟ್ರೈಡ್ 2000 ದಾಟುತ್ತದೆ. ಮರಳಿನ ಕಣ ಸ್ಟೀಲನ್ನು ಗೀರುತ್ತದೆ, ಇದನ್ನು ಗೀರುವುದು ಕಷ್ಟ.

ಮೂರು, ಬ್ಲ್ಯಾಕ್ ಆಕ್ಸೈಡ್. ಇದು ಮೇಲೆ ಬಳಿದ ಪದರವೇ ಅಲ್ಲ. ಸ್ಟೀಲಿನ ಮೈಯನ್ನೇ ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡಾಗಿ ಬದಲಾಯಿಸಿರುತ್ತಾರೆ. ಎಣ್ಣೆ ಹಿಡಿದುಕೊಳ್ಳುತ್ತದೆ, ನೋಡಲು ಚೆಂದ. ಎಣ್ಣೆ ಇಲ್ಲದಿದ್ದರೆ ಇದರಿಂದ ಅಂಥ ರಕ್ಷಣೆ ಏನೂ ಇಲ್ಲ.

ಗುರುತಿಸುವುದು ಹೀಗೆ. ಬ್ಲೇಡಿನ ಬುಡದ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ, ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಅದ್ದಿದ ಹತ್ತಿ ಒತ್ತಿ ಹಿಡಿಯಿರಿ. ಹತ್ತಿ ಕಪ್ಪಾದರೆ ಅದು ಸಾದಾ ಬಣ್ಣ. ಪ್ಲಾಸ್ಟಿಕ್ ಹಿಡಿಗೆ ಮಾತ್ರ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಕರಗಿಬಿಡುತ್ತದೆ. ಅಸಿಟೋನಿಗೆ ಜಗ್ಗದಿದ್ದರೆ ಪಕ್ಕದಲ್ಲೇ ಒಂದು ಹನಿ ಲಿಂಬೆರಸ ಬಿಟ್ಟು ಐದು ನಿಮಿಷ ಬಿಟ್ಟು ಒರೆಸಿ. ಅಲ್ಲಿ ಬೂದು ಮಚ್ಚೆ ಬಿದ್ದರೆ ಬ್ಲ್ಯಾಕ್ ಆಕ್ಸೈಡ್. ಎರಡಕ್ಕೂ ಏನೂ ಆಗಲಿಲ್ಲ ಅಂದರೆ ಪಿವಿಡಿ ಇರಬೇಕು, ಇಲ್ಲವೇ ಚೆನ್ನಾಗಿ ಬೇಯಿಸಿದ ಸೆರಾಕೋಟ್. ಮುಟ್ಟಿದರೆ ಸ್ವಲ್ಪ ತರಿತರಿ, ಮ್ಯಾಟ್, ಲೋಗೋದ ಅಂಚು ದಪ್ಪ ಕಾಣುತ್ತದೆ ಅಂದರೆ ಸೆರಾಕೋಟ್. ಕೆಳಗಿನ ಸ್ಟೀಲಿನ ಸಾಣೆ ಗೆರೆಗಳು ಕೂಡ ಹಾಗೇ ಕಾಣುತ್ತವೆ ಅಂದರೆ ಪಿವಿಡಿ.

ಬೆಳ್ಳಿ ಗೆರೆಗಳು

ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ತಮಾಷೆ ಅಂದರೆ, ಡಿಎಲ್‌ಸಿ ಬ್ಲೇಡುಗಳಲ್ಲಿ ಇದು ಎಷ್ಟೋ ಸಲ ಗೀರೇ ಅಲ್ಲ. ಪಾರ್ಸೆಲ್ ಡಬ್ಬಿಯ ಸ್ಟೇಪಲ್ ಪಿನ್ನಿಗೋ, ಜೇಬಿನ ಬೀಗದ ಕೈಗೋ ಬ್ಲೇಡ್ ಉಜ್ಜಿದಾಗ ಸವೆಯುವುದು ಕೋಟಿಂಗ್ ಅಲ್ಲ, ಆ ಪಿನ್ನು. ಅದರ ಲೋಹ ಬ್ಲೇಡಿನ ಮೇಲೆ ಮೆತ್ತಿಕೊಂಡು ಥಳಥಳ ಅನ್ನುತ್ತದೆ, ನಾವು ಕೋಟಿಂಗ್ ಕಿತ್ತಿತು ಅಂತ ಗಾಬರಿಯಾಗುತ್ತೇವೆ. ಮಕ್ಕಳ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಆ ಗೆರೆಯ ಮೇಲೆ ಗಟ್ಟಿಯಾಗಿ ಉಜ್ಜಿ. ರಬ್ಬರಿಗೆ ಬೂದು ಬಣ್ಣ ಹತ್ತಿ ಗೆರೆ ಮಸುಕಾಯಿತಾ? ಹಾಗಾದರೆ ನಿಮ್ಮ ಕೋಟಿಂಗ್ ಗಟ್ಟಿಮುಟ್ಟಾಗಿಯೇ ಇದೆ. ಹೋಗದಿದ್ದರೆ ಮರದ ಟೂತ್‌ಪಿಕ್ಕನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ತುದಿ ತಗ್ಗಿಗೆ ಸಿಕ್ಕಿಬಿದ್ದರೆ ಗೀರು ನಿಜ.

ನಿಜವಾದ ಗೀರಾದರೆ ಈಗ ಜಾಗ ನೋಡಿ.

ಬಾಯಿಯ ಉದ್ದಕ್ಕೂ ಒಂದೇ ಸಮನಾದ ಬೆಳ್ಳಿ ಪಟ್ಟಿ ಇದ್ದರೆ ಅದು ಹೋದದ್ದಲ್ಲ, ಅಲ್ಲಿ ಕೋಟಿಂಗ್ ಇರುವುದೇ ಇಲ್ಲ. ಕೋಟಿಂಗ್ ಆದ ಮೇಲೆ ಹರಿತ ಮಾಡುವುದು ವಾಡಿಕೆ. ಹೊಸ ಚಾಕು ಕೊಂಡ ವಾರವೇ ಬಾಯಿಯಲ್ಲಿ ತುಕ್ಕು ಕಂಡರೆ ಕೋಟಿಂಗನ್ನು ಬೈದು ಪ್ರಯೋಜನ ಇಲ್ಲ. ಆ ಪಟ್ಟಿಗೆ ಮೇಲಿಂದ ಹಚ್ಚುವ ಎಣ್ಣೆಯೇ ಗತಿ. ಪಟ್ಟಿಯ ಮೇಲ್ಭಾಗದಲ್ಲಿ ಮಬ್ಬುಮಬ್ಬಾಗಿ ಉಜ್ಜಿದ ಗುರುತು ಇದ್ದರೆ ಸಾಣೆ ಹಿಡಿಯುವಾಗ ಬ್ಲೇಡ್ ತೀರ ಮಲಗಿದೆ ಅಂತ ಅರ್ಥ. ಡೈಮಂಡ್ ಪ್ಲೇಟ್ ಯಾವ ಕೋಟಿಂಗನ್ನೂ ಬಿಡುವುದಿಲ್ಲ, ಡಿಎಲ್‌ಸಿಯನ್ನೂ. ಮುಂದಿನ ಸಲ ಬಾಯಿಯೊಂದನ್ನು ಬಿಟ್ಟು ಉಳಿದ ಮೈಗೆ ಮಾಸ್ಕಿಂಗ್ ಟೇಪ್ ಸುತ್ತಿಕೊಳ್ಳಿ.

ಬ್ಲೇಡಿನ ಬುಡದಲ್ಲಿ, ಪಿವೋಟ್ (ಬ್ಲೇಡ್ ತಿರುಗುವ ಕೀಲು) ಸುತ್ತ ಬಿಲ್ಲಿನಾಕಾರದ ಒಂದು ಗೆರೆ. ಇದನ್ನು ಕಂಡು ಚಾಕು ವಾಪಸ್ ಮಾಡಿದವರೂ ಇದ್ದಾರೆ! ಲೈನರ್ ಲಾಕ್, ಫ್ರೇಮ್ ಲಾಕ್ ಚಾಕುಗಳಲ್ಲಿ, ಅಂದರೆ ಹಿಡಿಯೊಳಗಿನ ತಗಡೋ (ಲೈನರ್) ಹಿಡಿಯ ಚೌಕಟ್ಟೋ ಬ್ಲೇಡಿಗೆ ಆನಿಕೊಂಡು ಲಾಕ್ ಆಗುವವುಗಳಲ್ಲಿ, ಮಡಚಿದ ಬ್ಲೇಡ್ ತಾನಾಗಿ ತೆರೆದುಕೊಳ್ಳದಂತೆ ಲಾಕ್ ಪಟ್ಟಿಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ, ಸ್ಟೀಲಿನದ್ದೋ ಸೆರಾಮಿಕ್ಕಿನದ್ದೋ. ತೆರೆದು ಮುಚ್ಚುವಾಗಲೆಲ್ಲ ಅದು ಬ್ಲೇಡಿನ ಬುಡದ ಮೇಲೆ ಉರುಳುತ್ತಾ, ಜಾರುತ್ತಾ ಹೋಗುತ್ತದೆ. ಆ ಗೆರೆ ಅದರದ್ದೇ. ಅದು ಬರಲೇಬೇಕು. ಒಂದು ತೊಟ್ಟು ಎಣ್ಣೆ ಬಿಟ್ಟು ಮರೆತುಬಿಡಿ.

ಇದೇ ಗೆರೆ ಬುಡ ಬಿಟ್ಟು ಬ್ಲೇಡಿನ ನಡುವಿಗೋ ಮೊನೆಯ ಹತ್ತಿರಕ್ಕೋ ಬಂದರೆ, ಅದೂ ಒಂದೇ ಮಗ್ಗುಲಲ್ಲಿ ಬಂದರೆ, ಆಗ ಕೂತು ನೋಡಬೇಕು. ಬ್ಲೇಡ್ ಹಿಡಿಯ ನಟ್ಟನಡುವೆ ಬಂದು ಕೂರುತ್ತಿಲ್ಲ, ಒಂದು ಕಡೆಯ ಲೈನರಿಗೆ ಉಜ್ಜುತ್ತಿದೆ. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದು ಎರಡೂ ಕಡೆಯ ಸಂದು ನೋಡಿ, ಒಂದು ತೆಳ್ಳಗಿನ ರಸೀದಿ ಕಾಗದವನ್ನು ಒಂದೊಂದು ಕಡೆ ತೂರಿಸಿ ನೋಡಿ. ಒಂದು ಕಡೆ ಸರಾಗವಾಗಿ ಹೋಗಿ ಇನ್ನೊಂದು ಕಡೆ ಸಿಕ್ಕಿಕೊಂಡರೆ ರೋಗ ಸಿಕ್ಕಿತು. ಪಿವೋಟ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ ಇಲ್ಲವೇ ಬಿಗಿ ಮಾಡಿ, ಮತ್ತೆ ಕಾಗದ ಹಾಕಿ ನೋಡಿ. ಹೆಚ್ಚಿನವಕ್ಕೆ ಟಿ6 ಅಥವಾ ಟಿ8 ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಬಿಟ್ ಸಾಕು. ಬಿಟ್ ಪೂರ್ತಿ ಒಳಗೆ ಕೂತಿದೆ ಅಂತ ನೋಡಿಕೊಂಡೇ ತಿರುಗಿಸಿ, ಸ್ಕ್ರೂ ತಲೆ ಒಮ್ಮೆ ಕೆಟ್ಟರೆ ಕೋಟಿಂಗ್ ಚಿಂತೆ ಸಣ್ಣದಾಗಿಬಿಡುತ್ತದೆ. ಬಿಗಿ ಮಾಡಿಯೂ ಸರಿಹೋಗದಿದ್ದರೆ ಬಿಚ್ಚಿ ವಾಷರ್ ನೋಡಿ. ಒಂದು ಕಡೆ ಸವೆದಿರುತ್ತದೆ, ಇಲ್ಲವೇ ಯಾರೋ ಬಿಚ್ಚಿ ಜೋಡಿಸುವಾಗ ಎರಡೂ ವಾಷರ್ ಒಂದೇ ಕಡೆ ಹಾಕಿರುತ್ತಾರೆ.

ಬ್ಲೇಡಿನ ಹೊಟ್ಟೆ, ಅಂದರೆ ಮೊನೆಯ ಕಡೆಗೆ ಬಾಯಿ ಬಾಗುವ ಭಾಗ, ಎರಡೂ ಕಡೆ ಸಮವಾಗಿ ಬೆಳ್ಳಗಾಗಿದ್ದರೆ ಅದು ರಟ್ಟು ಕೊಯ್ದ ಸವೆತ. ರಟ್ಟು ಮೆತ್ತಗೆ ಕಾಣುತ್ತದೆ, ಆದರೆ ಹಳೇ ಕಾಗದದಿಂದ ಮಾಡಿದ ಅದರೊಳಗೆ ಮಣ್ಣು, ಮರಳಿನ ಪುಡಿ ಇರುತ್ತದೆ. ಡೊಂಬಿವಲಿ ಚಿಕ್ಕಪ್ಪನ ಚಾಕು ಹೀಗೇ ಆಗಿತ್ತು. ಅಂಗಡಿಗೆ ದಿನಾ ಬರುವ ಡಬ್ಬಿಗಳನ್ನೆಲ್ಲ ಅದರಲ್ಲೇ ಕೊಯ್ಯುತ್ತಿದ್ದರು. ಬಣ್ಣದ ಕೋಟಿಂಗು ಅದಕ್ಕೆ ತಡೆಯುವುದಿಲ್ಲ, ಅಷ್ಟೇ. ದೋಷ ಅಂತ ಕರೆಯಲು ಅಲ್ಲಿ ಏನೂ ಇಲ್ಲ.

ಹಕ್ಕಳೆ ಮತ್ತು ಗುಳ್ಳೆ

ಬಣ್ಣದ ಕೋಟಿಂಗ್ ಸವೆಯದೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದ್ದರೆ ಅದು ಬಳಸಿದವರ ತಪ್ಪಲ್ಲ, ಹಚ್ಚಿದವರದ್ದು. ಬಣ್ಣ ಹಿಡಿಯಬೇಕಾದರೆ ಸ್ಟೀಲಿನ ಮೈ ತರಿತರಿ ಇರಬೇಕು, ಎಣ್ಣೆಯ ಜಿಡ್ಡು ಒಂಚೂರೂ ಇರಬಾರದು. ನುಣುಪಾದ ಬ್ಲೇಡಿಗೆ ಸುಮ್ನೆ ಸ್ಪ್ರೇ ಹೊಡೆದರೆ ಉಗುರಿನಲ್ಲೇ ಎದ್ದು ಬರುತ್ತದೆ. ಹಕ್ಕಳೆಯ ಅಂಚಿಗೆ ಟೇಪ್ ಅಂಟಿಸಿ ಕಿತ್ತು ನೋಡಿ. ಟೇಪಿನ ಜೊತೆ ಇನ್ನಷ್ಟು ಬಂತು ಅಂದರೆ ಉಳಿದದ್ದೂ ಬರುತ್ತದೆ, ತೇಪೆ ಹಾಕುವ ಕೆಲಸ ವ್ಯರ್ಥ.

ಗುಳ್ಳೆಯ ಕಥೆಯೇ ಬೇರೆ. ಎಲ್ಲೋ ಒಂದು ಸೂಜಿಮೊನೆಯಷ್ಟು ತೂತಿನಿಂದ ನೀರು ಒಳಗೆ ಇಳಿದು ಬಣ್ಣದ ಕೆಳಗೆ ತುಕ್ಕು ಹಬ್ಬುತ್ತಿರುತ್ತದೆ. ತುಕ್ಕು ಅದೇ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ತೆಗೆದುಕೊಳ್ಳುವುದರಿಂದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಟೂತ್‌ಪಿಕ್ಕಿನಿಂದ ಒತ್ತಿ ಒಡೆಯಿರಿ. ಕೆಳಗೆ ಕೆಂಪು ಪುಡಿ ಕಂಡರೆ ಮುಚ್ಚಿಡಬೇಡಿ, ಪೂರ್ತಿ ಬಿಡಿಸಿ ತುಕ್ಕು ತೆಗೆಯುವುದೇ ದಾರಿ. ಗುಳ್ಳೆಗಳು ಹೆಚ್ಚಾಗಿ ಏಳುವುದು ಬ್ಲೇಡಿನ ಬೆನ್ನಿನ ಅಂಚಿನಲ್ಲಿ, ಉಗುರು ಸಿಕ್ಕಿಸುವ ಕಚ್ಚಿನ ಸುತ್ತ. ಹಸಿ ಬಣ್ಣ ಚೂಪು ಅಂಚುಗಳಿಂದ ಹಿಂದೆ ಸರಿದು ಅಲ್ಲಿ ತೆಳ್ಳಗಾಗುತ್ತದೆ, ಅದೇ ಕಾರಣ.

ಪಿವಿಡಿ ಕೋಟಿಂಗ್ ಸಣ್ಣ ಸಣ್ಣ ಚೂರಾಗಿ ಉದುರಿದೆಯಾ? ಅಪರೂಪ, ಆದರೆ ಆಗುತ್ತದೆ. ಬ್ಲೇಡಿನಲ್ಲಿ ಮೀಟಿದ್ದು, ತಂತಿ ಕತ್ತರಿಸಿದ್ದು, ಬೆನ್ನಿನ ಮೇಲೆ ಕಲ್ಲಿನಿಂದ ಹೊಡೆದದ್ದು ಇರುತ್ತದೆ. ಹಾಸಿಗೆಯ ಮೇಲೆ ಹಪ್ಪಳ ಇಟ್ಟು ಒತ್ತಿದ ಹಾಗೆ: ಮೇಲಿನದು ಎಷ್ಟೇ ಗರಿಗರಿ ಇರಲಿ, ಕೆಳಗಿನದು ತಗ್ಗಿದರೆ ಒಡೆಯಲೇಬೇಕು.

ಕೆಂಪು ಚುಕ್ಕೆ

ಈಗ ಬಂತು ವಾಸ್ಕೋದ ಸಮಸ್ಯೆ. ಒಂದೇ ಮಾಡೆಲ್ ಚಾಕು ಪುಣೆಯಲ್ಲಿ ಎರಡು ವರ್ಷವಾದರೂ ಕಪ್ಪಾಗಿರುತ್ತದೆ, ಗೋವಾದಲ್ಲಿ ಒಂದೇ ಮಳೆಗಾಲಕ್ಕೆ ಕುಂಕುಮ ಚಿಮುಕಿಸಿದಂತೆ ಆಗುತ್ತದೆ. "ಡ್ರಾಯರಿನಲ್ಲೇ ಇತ್ತು ಮಾರಾಯ, ನೀರೇ ಮುಟ್ಟಿಸಿಲ್ಲ, ಹೆಂಗ್ ತುಕ್ಕು ಹಿಡೀತು?" ಅಂತ ಭಾವ ಫೋನಿನಲ್ಲಿ ಜಗಳಕ್ಕೇ ಬಂದಿದ್ದರು. ನೀರು ಮುಟ್ಟಿಸಬೇಕಾಗಿಯೇ ಇಲ್ಲ ಭಾವ, ಅಂದೆ. ಸಮುದ್ರದ ಗಾಳಿಯಲ್ಲಿ ಬಂದು ಕೂತ ಉಪ್ಪು, ಗಾಳಿಯ ತೇವ ಶೇಕಡಾ 75 ದಾಟಿದರೆ ತಾನೇ ನೀರು ಹೀರಿಕೊಂಡು ಉಪ್ಪುನೀರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾ ಕರಾವಳಿಯಲ್ಲಿ ಹಗಲು ರಾತ್ರಿ ಅಷ್ಟು ತೇವ ಇದ್ದೇ ಇರುತ್ತದೆ. ಹಾಗಾಗಿ ಡ್ರಾಯರಿನೊಳಗೇ ಬ್ಲೇಡ್ ಒದ್ದೆಯಾಗುತ್ತದೆ, ಕಣ್ಣಿಗೆ ಕಾಣದ ಹಾಗೆ. ಚರ್ಮದ ಚೀಲದಲ್ಲಿಟ್ಟರೆ ಇನ್ನೂ ಕೇಡು, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಆದರೆ ಕೋಟಿಂಗ್ ಇದೆಯಲ್ಲ? ಇದೆ, ಆದರೆ ಪಿವಿಡಿಯಂಥ ತೆಳು ಪದರದಲ್ಲಿ ಕಣ್ಣಿಗೆ ಕಾಣದ ತೂತುಗಳು ಇದ್ದೇ ಇರುತ್ತವೆ. ಅದು ಸವೆತಕ್ಕೆ ಹುಟ್ಟಿದ ಕೋಟಿಂಗ್, ತುಕ್ಕಿಗೆ ಅಲ್ಲ. ಕೆಳಗಿನ ಸ್ಟೀಲು ಒಳ್ಳೆಯ ಸ್ಟೇನ್‌ಲೆಸ್ ಆದರೆ ತೂತಿದ್ದರೂ ನಡೆಯುತ್ತದೆ. ಭಾವನ ಚಾಕು ಡಿ2 ಅನ್ನುವ ಟೂಲ್ ಸ್ಟೀಲಿನದ್ದು. ಅದರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 12 ಇದೆ ನಿಜ, ಆದರೆ ಕಾರ್ಬನ್ನೂ ಶೇಕಡಾ ಒಂದೂವರೆ ಇರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡ್ ಕಣಗಳಲ್ಲೇ ಸಿಕ್ಕಿಬಿದ್ದಿರುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಇನ್ನು 1095 ಥರದ ಕಾರ್ಬನ್ ಸ್ಟೀಲಿನಲ್ಲಿ ಅದೂ ಇಲ್ಲ. ಮೀನಿನ ಉಪ್ಪುನೀರು, ಮುರುಗಲು, ಲಿಂಬೆ, ಎಲ್ಲ ಸೇರಿದರೆ ಕೇಳುವುದೇ ಬೇಡ. ಬ್ಲ್ಯಾಕ್ ಆಕ್ಸೈಡ್ ಆಗಿದ್ದರೆ ಆ ಹುಳಿಗಳು ಕೋಟಿಂಗನ್ನೇ ತಿಂದು ಹಾಕುತ್ತವೆ.

ಚುಕ್ಕೆ ಎಲ್ಲೆಲ್ಲಿದೆ ನೋಡಿ. ಮೈಮೇಲೆಲ್ಲ ಅಲ್ಲಲ್ಲಿ ಒಂಟಿ ಚುಕ್ಕೆಗಳಿದ್ದರೆ ಇದೇ ಸೂಜಿತೂತಿನ ತುಕ್ಕು. ಲೋಗೋ ಅಥವಾ ಸ್ಟೀಲಿನ ಹೆಸರು ಬರೆದ ಅಕ್ಷರಗಳ ಒಳಗೆ ಮಾತ್ರ ಕೆಂಪಾಗಿದ್ದರೆ ಅದು ಲೇಸರ್ ಗುರುತಿನ ತೊಂದರೆ. ಲೇಸರ್ ಅಲ್ಲಿ ಕೋಟಿಂಗನ್ನು ಸುಟ್ಟು, ಸ್ಟೇನ್‌ಲೆಸ್ಸಿನ ಸ್ವಂತ ರಕ್ಷಣೆಯನ್ನೂ ಕೆಡಿಸಿರುತ್ತದೆ. ತೊಳೆದ ಮಾರನೇ ದಿನ ಬೆಳಿಗ್ಗೆ ಬ್ಲೇಡಿನ ತುಂಬಾ ಒಮ್ಮೆಗೇ ನೂರಾರು ಸಣ್ಣ ಚುಕ್ಕೆ ಎದ್ದಿದ್ದರೆ, ಪಾತ್ರೆ ತಿಕ್ಕುವ ತಂತಿ ನಾರಿನಿಂದ ತಿಕ್ಕಿದ್ದೀರಿ. ನಾರಿನ ಚೂರುಗಳು ಅಂಟಿಕೊಂಡು ತುಕ್ಕು ಹಿಡಿದಿವೆ, ಬ್ಲೇಡಿಗೆ ಏನೂ ಆಗಿಲ್ಲ. ಅಡಿಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಪಿವೋಟಿನ ಸಂದಿನಿಂದ ಕೆಂಪು ನೀರು ಇಳಿಯುತ್ತಿದ್ದರೆ ಬೇರಿಂಗಿನ ಗುಂಡುಗಳು ಹೋಗಿವೆ. ಹಸಿರು ಕಂಡರೆ ಅದು ತುಕ್ಕಲ್ಲ, ಕಂಚಿನ ವಾಷರಿನ ಕಿಲುಬು.

ಒಂಟಿ ಚುಕ್ಕೆಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಟೂತ್‌ಪಿಕ್ಕಿನಿಂದ ಕೆದಕಿ ಒರೆಸಿ. ಹೋದ ಮೇಲೆ ಅಲ್ಲಿ ಕುಳಿ ಕಾಣುತ್ತದಾ? ಕುಳಿ ತುಂಬುವುದಿಲ್ಲ, ಬೆಳೆಯದ ಹಾಗೆ ನೋಡಿಕೊಳ್ಳಬಹುದು ಅಷ್ಟೇ. ಹಾರ್ಡ್‌ವೇರ್ ಅಂಗಡಿಯ ರಸ್ಟ್ ರಿಮೂವರ್ ಮಾತ್ರ ಬ್ಲ್ಯಾಕ್ ಆಕ್ಸೈಡ್ ಬ್ಲೇಡಿಗೆ ಹಾಕಲೇಬೇಡಿ. ತುಕ್ಕೂ ಕಬ್ಬಿಣದ ಆಕ್ಸೈಡೇ, ನಿಮ್ಮ ಕೋಟಿಂಗೂ ಕಬ್ಬಿಣದ ಆಕ್ಸೈಡೇ. ಆ ದ್ರವಕ್ಕೆ ಎರಡರ ನಡುವೆ ಭೇದ ಗೊತ್ತಿಲ್ಲ, ಬ್ಲೇಡ್ ಬೆಳ್ಳಗೆ ಹೊಳೆಯುತ್ತಾ ಹೊರಗೆ ಬರುತ್ತದೆ. ಹಿತ್ತಾಳೆ ಪಾತ್ರೆ ಬೆಳಗುವ ಹುಳಿ ಪುಡಿಗಳೂ ಹೀಗೇ.

ಎಣ್ಣೆ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಹಣ್ಣು ಕೊಯ್ಯುವ ಬ್ಲೇಡಿಗೂ ಚಿಂತೆ ಇಲ್ಲ, ಅಂಟಾಗುವುದಿಲ್ಲ, ಅಗ್ಗ. ಸೂರ್ಯಕಾಂತಿ, ಶೇಂಗಾ ಎಣ್ಣೆಗಳು ದಿನ ಕಳೆದ ಹಾಗೆ ಗೋಂದಿನಂತಾಗುತ್ತವೆ. ಕೊಬ್ಬರಿ ಎಣ್ಣೆ ಗೋವಾದಲ್ಲಿ ನಡೆಯಬಹುದು, ಆದರೆ ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ಬೆಳಿಗ್ಗೆ ಪಿವೋಟ್ ಬಿಗಿಯಾಗಿದೆ ಅಂತ ಬಂದ ಒಂದು ಚಾಕುವನ್ನು ಬಿಚ್ಚಿದರೆ ಒಳಗೆ ಬೆಳ್ಳಗೆ ಕೊಬ್ಬರಿ ಎಣ್ಣೆಯೇ ಗಟ್ಟಿಯಾಗಿ ಕೂತಿತ್ತು.

ಬಿಡಿಸಬೇಕಾ, ಮತ್ತೆ ಹಾಕಿಸಬೇಕಾ

ಕೋಟಿಂಗ್ ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಕೆಳಗಿನದು ಸ್ಟೇನ್‌ಲೆಸ್ ಆಗಿದ್ದರೆ ನನ್ನ ಸಲಹೆ: ಪೂರ್ತಿ ಬಿಡಿಸಿಬಿಡಿ. ಬರೀ ಬ್ಲೇಡ್ ಕಣ್ಣಿಗೆ ಕಾಣುತ್ತದೆ, ಕಣ್ಣಿಗೆ ಕಂಡದ್ದನ್ನು ಒರೆಸುತ್ತೇವೆ. ಬಣ್ಣದ ಜಾತಿಯಾದರೆ ಹೆಚ್ಚಾಗಿ ಪೇಂಟ್ ರಿಮೂವರ್ ಸಾಕು, ಕಿಟಕಿ ತೆಗೆದು, ಗ್ಲೌಸ್ ಹಾಕಿಕೊಂಡು ಮಾಡಿ. ಗ್ಯಾಸ್ ಒಲೆಯ ಮೇಲೆ ಸುಡುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ. ಟೆಫ್ಲಾನ್ ಬೆರೆತ ಕೋಟಿಂಗ್ ಆದರೆ ಹೊಗೆ ವಿಷ. ಅದಕ್ಕಿಂತ ಮುಖ್ಯ, ಎಷ್ಟೋ ಚಾಕು ಸ್ಟೀಲುಗಳನ್ನು ಟೆಂಪರ್ ಮಾಡುವುದೇ, ಅಂದರೆ ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿ ಹದಕ್ಕೆ ತರುವುದೇ, 200 ಡಿಗ್ರಿಯ ಆಸುಪಾಸಿನಲ್ಲಿ. ಬ್ಲೇಡ್ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ 300ರ ಹತ್ತಿರ ಹೋಗಿ ಬಂದಿದೆ, ಅದರ ಗಡಸು ಹೋಯಿತು. ಆಮೇಲೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ.

ಕಾರ್ಬನ್ ಸ್ಟೀಲ್ ಅಥವಾ ಡಿ2 ಆದರೆ ಬರೀ ಮೈಯಲ್ಲಿ ಬಿಡುವುದಕ್ಕಿಂತ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಕಪ್ಪು ಮಾಡಿಕೊಳ್ಳಬಹುದು. ಸರ್ಕ್ಯೂಟ್ ಬೋರ್ಡ್ ಮಾಡುವವರ ಸಾಮಾನು ಅದು. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ನೀರು ಬೆರೆಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೆಲವು ನಿಮಿಷ ಅದ್ದಿ, ತಕ್ಷಣ ಅಡಿಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿ. ಉಳಿದದ್ದನ್ನು ಸ್ಟೀಲ್ ಸಿಂಕಿಗೆ ಸುರಿಯಬೇಡಿ, ಸಿಂಕ್ ತೂತಾಗುತ್ತದೆ. ಅದೇ ಕಾರಣಕ್ಕೆ ಸ್ಟೇನ್‌ಲೆಸ್ ಬ್ಲೇಡಿಗೂ ಇದು ಬೇಡ, ಕುಳಿ ಬೀಳುತ್ತದೆ.

ಪಿವಿಡಿಯೇ ಮತ್ತೆ ಬೇಕು ಅನ್ನುವವರು ಭೋಸರಿ, ಚಾಕಣ್ ಕಡೆಯ ಟೂಲ್ ಕೋಟಿಂಗ್ ಶಾಪುಗಳನ್ನು ಹುಡುಕಿಕೊಂಡು ಬರುತ್ತಾರೆ. ಡ್ರಿಲ್ಲು, ಪಂಚುಗಳಿಗೆ ಹಾಕುವವರೇ ಚಾಕುವಿಗೂ ಹಾಕಬಲ್ಲರು, ಆದರೆ ಒಂದು ಚಾಕುವಿಗಾಗಿ ಚೇಂಬರ್ ಓಡಿಸುವುದಿಲ್ಲ, ಬೇರೆಯವರ ಲಾಟ್ ಜೊತೆ ಸೇರಿಸಿಕೊಳ್ಳಲು ಕೇಳಬೇಕು. ಮೊದಲ ಪ್ರಶ್ನೆ, "ಎಷ್ಟು ಡಿಗ್ರಿಯಲ್ಲಿ ಹಾಕುತ್ತೀರಿ?" ಟೂಲುಗಳ ಲಾಟ್ 400 ಡಿಗ್ರಿ ದಾಟುವುದುಂಟು. ನಿಮ್ಮ ಬ್ಲೇಡ್ ಎಷ್ಟರಲ್ಲಿ ಟೆಂಪರ್ ಆಗಿದೆ ಅಂತ ತಿಳಿಯದಿದ್ದರೆ ಹಾಕಿಸಬೇಡಿ. ಸೆರಾಕೋಟ್ ಹಾಕಿಸುವವರಿಗೆ ಈ ಶಾಖದ ಭಯ ಇಲ್ಲ, ಬೇರೆ ಒಂದು ಎಚ್ಚರ ಬೇಕು. ಬ್ಲೇಡನ್ನು ಬಿಚ್ಚಿ ಕೊಡಿ, ಪಿವೋಟ್ ತೂತು, ವಾಷರ್ ಕೂರುವ ಜಾಗ, ಲಾಕ್ ತಾಗುವ ಮುಖ ಈ ಮೂರಕ್ಕೂ ಟೇಪ್ ಹಾಕಿಸಿ. ಅಲ್ಲಿ 25 ಮೈಕ್ರಾನ್ ಬಣ್ಣ ಕೂತರೆ ಮೊದಲು ಲಾಕ್ ಅಂಟಂಟಾಗುತ್ತದೆ, ಬಣ್ಣ ಸವೆದ ಮೇಲೆ ಬ್ಲೇಡ್ ಅಲ್ಲಾಡಲು ಶುರುವಾಗುತ್ತದೆ. ಚಾಕು ವಾಪಸ್ ಬಂದ ದಿನ ಜೋಡಿಸಿ, ತೆರೆದು, ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ ನೋಡಿ, ಬೆರಳು ಬ್ಲೇಡಿನ ದಾರಿಯಲ್ಲಿ ಇರದಂತೆ. ಲಾಕ್ ಜಾರಿದರೆ ಆ ಚಾಕುವನ್ನು ಜೇಬಿಗೆ ಹಾಕಬೇಡಿ, ಲಾಕ್ ಮುಖದ ಬಣ್ಣ ಕೆರೆಸಿದ ಮೇಲೆಯೇ ಬಳಸಿ.